ಹಳಬರಿಗೆ ಮೂರೆಲೆ

ಒಂದು ಕಾಡಿನಲ್ಲಿ ನೀರಿನ ದಾರಿಯನ್ನು ಹಾಡು ಕಟ್ಟಿ ಹೇಳಿಕೊಡುವ ಒಂದು ಕಾಜಾಣ ಹಕ್ಕಿ ಇತ್ತು.

ಆ ಕಾಡಿನ ಹಳ್ಳಗಳು ಬೇಸಿಗೆಗೆ ಒಣಗುತ್ತಿದ್ದವು. ಬೆಟ್ಟದ ಹಿಂದಿನ ಒಂದು ಮಡು ಮಾತ್ರ ಬತ್ತುತ್ತಿರಲಿಲ್ಲ. ಅಲ್ಲಿಗೆ ಹೋಗುವ ದಾರಿ ಕಷ್ಟದ್ದು. ಒಂದು ತಿರುವು ತಪ್ಪಿದರೆ ಮುಳ್ಳಿನ ಸೀಗೆಮೆಳೆ. ಇನ್ನೊಂದು ತಪ್ಪಿದರೆ ಕಮರಿ. ಆ ದಾರಿಯೂ ಒಂದೇ ಸಮ ಇರುತ್ತಿರಲಿಲ್ಲ. ಮಳೆಗಾಲ ಬಂದರೆ ಎಲ್ಲೋ ಮರ ಬೀಳುತ್ತಿತ್ತು. ಎಲ್ಲೋ ಮಣ್ಣು ಕುಸಿಯುತ್ತಿತ್ತು. ಹೋದ ವರ್ಷ ನಡೆದ ಕಡೆ ಈ ವರ್ಷ ನಡೆಯಲು ಆಗುತ್ತಿರಲಿಲ್ಲ.

ಕಾಜಾಣ ಬೇಸಿಗೆ ಹತ್ತಿರ ಬಂದಾಗ ಆ ದಾರಿಯ ಮೇಲೆ ಹಾರಿ ಎಲ್ಲವನ್ನೂ ನೋಡಿ ಬರುತ್ತಿತ್ತು. ತಿರುವಿಗೆ ಒಂದು ಸಾಲಿನಂತೆ ಹಾಡು ಕಟ್ಟುತ್ತಿತ್ತು. ಪ್ರಾಣಿಗಳು ಬಂದು ಕಲಿಯುತ್ತಿದ್ದವು. ಅದಕ್ಕೆ ಬದಲಾಗಿ ಗೆದ್ದಲು ಹಿಡಿದು ಎಲೆಯಲ್ಲಿ ಕಟ್ಟಿ ತಂದುಕೊಡುತ್ತಿದ್ದವು. ಕಾಜಾಣಕ್ಕೆ ಮರಿಗಳಿದ್ದವು.

ಹೊಸಬರಿಗೆ ಹತ್ತು ಎಲೆ ಗೆದ್ದಲು. ಅವರಿಗೆ ಪೂರ್ತಿ ಹಾಡು. ಮೊದಲ ಸಲ ಕಾಜಾಣವೇ ಮುಂದೆ ಹಾರಿ ದಾರಿ ತೋರಿಸುತ್ತಿತ್ತು.

ಹಳಬರಿಗೆ ಮೂರೆಲೆ. ಅವರಿಗೆ ಬದಲಾದ ತಿರುವುಗಳ ಸಾಲು ಮಾತ್ರ. "ಉಳಿದದ್ದು ಅವರ ಕಾಲಿಗೆ ಗೊತ್ತಲ್ಲ" ಎನ್ನುತ್ತಿತ್ತು ಕಾಜಾಣ.

ಕಾಡು ದೊಡ್ಡದು. ಕಾಜಾಣಕ್ಕೆ ಎಲ್ಲರ ಮುಖ ನೆನಪಿರುತ್ತಿರಲಿಲ್ಲ. ಅದಕ್ಕೇ ಒಂದು ನಿಯಮ ಮಾಡಿತ್ತು. ಹೋದ ವರ್ಷದ ಹಾಡನ್ನು ತಪ್ಪಿಲ್ಲದೆ ಹಾಡಿದವರು ಹಳಬರು. ಹಾಡದಿದ್ದವರು ಹೊಸಬರು.

ಆ ಕಾಡಿನಲ್ಲಿ ಒಂದು ಮುಳ್ಳುಹಂದಿ ಇತ್ತು. ಎಲ್ಲರೂ ಅವನನ್ನು ಮುಳ್ಳಜ್ಜ ಎಂದು ಕರೆಯುತ್ತಿದ್ದರು. ಅವನ ಹೆಂಡತಿ ಹೂವಿ. ಹಾಡು ಕಲಿಯುತ್ತಿದ್ದವಳು ಹೂವಿ. ಹಾಡುತ್ತಾ ಮುಂದೆ ಹೋಗುತ್ತಿದ್ದವಳೂ ಹೂವಿ. ಮುಳ್ಳಜ್ಜನ ಮುಂದಿನ ಒಂದು ಕಾಲು ಕುಂಟು. ಅವನು ಅವಳ ಹಿಂದೆ ಹೋಗುತ್ತಿದ್ದ. ಸಾಲು ಮುಗಿದಾಗ "ಹೂಂ" ಎನ್ನುತ್ತಿದ್ದ. ಹೂಂ ಅಂದರೆ ಹಿಂದೆ ಇದ್ದೇನೆ ಅಂತ. ಮಡು ಸೇರಿದ ಮೇಲೆ ಅವಳು ಅವನ ಬಲಗಡೆ ನಿಂತು ನೀರು ಕುಡಿಯುತ್ತಿದ್ದಳು.

ಒಂದು ವರ್ಷ ಮಾಗಿಯಲ್ಲಿ ಹೂವಿ ಸತ್ತುಹೋದಳು.

ಬೇಸಿಗೆ ಬಂತು. ಮುಳ್ಳಜ್ಜ ಕುಂಟುಗಾಲಿನಲ್ಲಿ ಹುತ್ತ ಕೆದಕಿದ. ಮೂರೆಲೆ ತುಂಬಲು ನಾಲ್ಕು ದಿನ ಹಿಡಿಯಿತು. ಕಟ್ಟಿಕೊಂಡು ಕಾಜಾಣದ ಮರದ ಬುಡಕ್ಕೆ ಹೋದ.

ಸರದಿಯಲ್ಲಿ ಅವನ ಮುಂದೆ ಒಂದು ನರಿ ನಿಂತಿತ್ತು. ಅದು ಹೋದ ಮಳೆಗಾಲದಲ್ಲಷ್ಟೇ ಈ ಕಾಡಿಗೆ ಬಂದದ್ದು. ಮಡುವನ್ನು ಕಂಡದ್ದೇ ಇಲ್ಲ.

"ಹಳಬರೋ ಹೊಸಬರೋ?" ಕಾಜಾಣ ಕೇಳಿತು.

"ಎಂಥ ಮಾತು ಕಾಜಾಣಕ್ಕಾ! ನಾನು ಹಳಬ. ಕೇಳು ಬೇಕಾದರೆ."

ನರಿ ಕಣ್ಣು ಮುಚ್ಚಿಕೊಂಡು ಹಾಡಿತು.

"ಸೀಳುಬಂಡೆ ಬಲಕೆ ಬಿಟ್ಟು,
ತಾರೆಮರದ ಕೆಳಗೆ ಬಗ್ಗಿ,
ಜಾರುಮಣ್ಣಿನ ಇಳಿಜಾರಲಿ
ಮೆಲ್ಲನಿಳಿ, ಮೆಲ್ಲನಿಳಿ..."

ಕೊನೆಯವರೆಗೂ ಒಂದು ತಪ್ಪಿಲ್ಲ. ಮುಗಿದ ಮೇಲೆ ಮಾತ್ರ ಅಭ್ಯಾಸಬಲದಿಂದ "ಊ..." ಎಂದು ಒಂದು ಊಳು ಬಂತು.

ಕಾಜಾಣ ಮೂರೆಲೆ ತೆಗೆದುಕೊಂಡಿತು. ಬದಲಾದ ಸಾಲುಗಳನ್ನು ಹೇಳಿಕೊಟ್ಟಿತು. "ಬಿದ್ದ ತಾರೆಮರದ ಬುಡದಿಂದ ಎಡಕ್ಕೆ. ಕುಸಿದ ಮಣ್ಣನ್ನು ಸುತ್ತಿ ಹೋಗು. ಅಷ್ಟೇ."

"ಅಷ್ಟೇನಾ!" ನರಿಗೆ ಖುಷಿಯಾಯಿತು.

ಮುಳ್ಳಜ್ಜನ ಸರದಿ ಬಂತು.

"ಹಾಡಜ್ಜಾ."

ಮುಳ್ಳಜ್ಜ ಎಲೆಗಳನ್ನು ಕೆಳಗಿಟ್ಟ.

"ನನಗೆ ಹಾಡು ಬರಲ್ಲ ತಾಯಿ" ಎಂದ. "ಹಾಡುತ್ತಿದ್ದವಳು ಹೂವಿ. ನಾನು ಹಿಂದೆ ಹೋಗುತ್ತಿದ್ದೆ. ಹೂಂ ಅಂತಿದ್ದೆ."

ಹಿಂದೆ ಇದ್ದವರು ನಕ್ಕರು. ನರಿ ಎಲ್ಲರಿಗಿಂತ ಜೋರಾಗಿ ನಕ್ಕಿತು.

"ಹೆಂಡತಿ ಹಿಂದೆ ಎಷ್ಟು ವರ್ಷ ನಡೆದೆ ಅಜ್ಜಾ?" ಎಂದು ಕೇಳಿತು ನರಿ.

"ಹನ್ನೊಂದು ಬೇಸಿಗೆ" ಎಂದ ಮುಳ್ಳಜ್ಜ.

ಕಾಜಾಣ ತಲೆ ಓರೆ ಮಾಡಿತು. ಅದಕ್ಕೆ ಅಯ್ಯೋ ಅನಿಸಿತು. ಆದರೂ ನಿಯಮ ಬಿಡಲಿಲ್ಲ.

"ಕಲಿತದ್ದು ಹೂವಿ, ಅಜ್ಜಾ. ನೀನಲ್ಲ. ಎಲ್ಲರಿಗೂ ಒಂದೇ ನಿಯಮ. ನಿನಗೆ ಹತ್ತು ಎಲೆ ಆಗುತ್ತದೆ."

ಮುಳ್ಳಜ್ಜ ತನ್ನ ಮೂರೆಲೆ ನೋಡಿದ. ಹತ್ತು ತುಂಬುವ ಹೊತ್ತಿಗೆ ಹಳ್ಳದ ಕೊನೆಯ ಗುಂಡಿಯೂ ಒಣಗಿರುತ್ತದೆ. ಅದು ಅವನಿಗೆ ಗೊತ್ತಿತ್ತು. ಆದರೂ ಜಗಳ ಮಾಡಲಿಲ್ಲ. "ಆಗಲಿ ತಾಯಿ" ಎಂದು ಎಲೆಗಳನ್ನು ಕಚ್ಚಿಕೊಂಡು ಹೊರಟ.

ಬಿದಿರುಮೆಳೆಯ ಹತ್ತಿರ ನರಿ ಕಾದು ಕೂತಿತ್ತು.

"ಅಜ್ಜಾ, ಯಾಕೆ ಇಷ್ಟು ಸಪ್ಪಗಿದ್ದೀಯ? ಹಳೇ ಹಾಡು ನಾನು ಹೇಳಿಕೊಡುತ್ತೇನೆ. ನನಗೆ ಒಂದು ರಾಶಿ ಬೋರೆಹಣ್ಣು ತಂದುಕೊಡು ಸಾಕು. ಆಮೇಲೆ ಹೋಗಿ ಹಾಡು. ನೀನೂ ಹಳಬನೇ."

"ಎಲ್ಲಿ, ಹಾಡು ನೋಡೋಣ" ಎಂದ ಮುಳ್ಳಜ್ಜ.

ನರಿ ಹಾಡಿತು.

"ಇನ್ನೊಂದು ಸಲ ಹಾಡು."

ಬೇಟೆ ಸಿಕ್ಕಿತು ಎಂದುಕೊಂಡು ನರಿ ಇನ್ನೊಂದು ಸಲ ಹಾಡಿತು. ಮುಳ್ಳಜ್ಜ ಅಲ್ಲಾಡದೆ ಕೇಳಿದ. ಅವನ ಬೆನ್ನ ಮೇಲಿನ ಮುಳ್ಳುಗಳೆಲ್ಲ ಮೆತ್ತಗೆ ಮಲಗಿಕೊಂಡವು.

"ಇದು ಹೂವಿ ಹಾಡು" ಎಂದ. "ಅವಳು ಉಸಿರು ಎಳೆದುಕೊಳ್ಳುವ ಕಡೆ ನೀನೂ ಎಳೆದುಕೊಂಡೆ. ಮೆಲ್ಲನಿಳಿ ಅನ್ನೋದನ್ನ ಕಾಜಾಣ ಒಂದೇ ಸಲ ಹೇಳೋದು. ಹೂವಿ ಎರಡು ಸಲ ಹೇಳೋಳು. ನನ್ನ ಕಾಲಿಗೋಸ್ಕರ. ಎಲ್ಲಿ ಕೇಳಿಸಿಕೊಂಡೆ?"

ನರಿ ಹಲ್ಲು ಕಿರಿಯಿತು. "ಮಳೆಗಾಲದಲ್ಲಿ ನಿಮ್ಮ ಬಿಲದ ಮುಂದೆ ಗೆಡ್ಡೆ ತೋಡುತ್ತಾ ಹಾಡುತ್ತಿದ್ದಳು. ಪೊದೆಯಲ್ಲಿ ನಾನಿದ್ದೆ. ಕಿವಿ ಇರೋದು ಕೇಳೋದಕ್ಕೇ ತಾನೆ? ಈಗ ಕಲೀತೀಯೋ ಇಲ್ಲವೋ ಹೇಳು."

ಮುಳ್ಳಜ್ಜ ತನ್ನ ಎಲೆಗಳನ್ನು ಹತ್ತಿರ ಎಳೆದುಕೊಂಡ.

"ಬೇಡಪ್ಪಾ. ಬರದೇ ಇರೋದನ್ನ ಬರುತ್ತೆ ಅನ್ನೋಕೆ ನನಗೆ ಆಗಲ್ಲ. ಅವಳ ಹಾಡಿನಲ್ಲಂತೂ ಆಗಲ್ಲ. ಎರಡು ಸಲ ಕೇಳಿಸಿದೆಯಲ್ಲ, ನಿನಗೆ ಒಳ್ಳೆಯದಾಗಲಿ."

ಅವನು ಕುಂಟುತ್ತಾ ಹೋದ. "ಬಾಯಾರಿ ಸಾಯಿ, ನನಗೇನು" ಎಂದಿತು ನರಿ.

ನರಿಗೆ ಬೇರೆ ಗಿರಾಕಿಗಳು ಸಿಕ್ಕಿದರು. ಹುಲ್ಲುಗಾವಲಿನಿಂದ ಹೊಸದಾಗಿ ಬಂದ ಮೊಲಗಳು ಬಂದವು. ಒಂದು ಕಾಡುಕೋಳಿ ಬಂತು. ನರಿ ಎಲ್ಲರಿಗೂ ಹಾಡು ಬಾಯಿಪಾಠ ಮಾಡಿಸಿತು. ಹೊಟ್ಟೆ ತುಂಬ ಬೋರೆಹಣ್ಣು ತಿಂದಿತು. ಮಾರನೇ ಬೆಳಿಗ್ಗೆ, ಎಲ್ಲರಿಗಿಂತ ಮೊದಲು ಮಡು ಸೇರಬೇಕೆಂದು ಹೊರಟುಹೋಯಿತು.

ಅದೇ ಬೆಳಿಗ್ಗೆ ಮೊಲಗಳು ಮೂರೆಲೆ ಹಿಡಿದು ಕಾಜಾಣದ ಹತ್ತಿರ ಬಂದವು. ಮೊದಲನೇ ಮೊಲ ಹಾಡಿತು. ತಪ್ಪಿಲ್ಲ. ಹಾಡು ಮುಗಿಸಿ, ಕಿವಿ ನೆಟ್ಟಗೆ ಮಾಡಿ, "ಊ..." ಎಂದು ಊಳಿಟ್ಟಿತು.

ಕಾಜಾಣ ಬೆಚ್ಚಿಬಿತ್ತು.

ಎರಡನೇ ಮೊಲವೂ ಹಾಡಿ ಊಳಿಟ್ಟಿತು. ಕಾಡುಕೋಳಿ ಬಂತು. ಕತ್ತು ಚಾಚಿ ಅದೂ ಊಳಿಟ್ಟಿತು. ಗೂಡಿನಲ್ಲಿದ್ದ ಮರಿಗಳು ಹೆದರಿ ಅತ್ತವು.

"ನಿಲ್ಲಿ, ನಿಲ್ಲಿ" ಎಂದಿತು ಕಾಜಾಣ. "ನಿಮ್ಮಜ್ಜಿ ಕಾಲದಿಂದ ಯಾವ ಮೊಲವಾದರೂ ಊಳಿಟ್ಟದ್ದುಂಟಾ? ಇದನ್ನು ಯಾರು ಹೇಳಿಕೊಟ್ಟದ್ದು?"

"ನರಿಯಣ್ಣ. ಹಾಡು ಮುಗಿಯೋದೇ ಹಾಗೆ ಅಂದ." ಮೊಲಗಳು ತಲೆ ತಗ್ಗಿಸಿದವು. "ಹಾಡಿದರೆ ಮೂರೆಲೆ ಸಾಕು ಅಂದ."

"ಮೂರೆಲೆಗೆ ಬದಲಾದ ತಿರುವು ಮಾತ್ರ ಸಿಗೋದು. ಹಳೇ ದಾರಿಯಲ್ಲಿ ನೀವು ಒಂದು ಹೆಜ್ಜೆ ಇಟ್ಟಿಲ್ಲ. ಎಲ್ಲಿಗೆ ಹೋಗಿ ಸೇರುತ್ತಿದ್ದಿರಿ? ಸಂಜೆಯೊಳಗೆ ಕಮರಿಯಲ್ಲಿ ಇರುತ್ತಿದ್ದಿರಿ."

"ಪೂರ್ತಿ ಹಾಡೇ ಕಲಿಯುತ್ತೇವೆ ಕಾಜಾಣಕ್ಕಾ" ಎಂದು ಮೊಲಗಳು ಉಳಿದ ಗೆದ್ದಲು ತರಲು ಓಡಿದವು. ಕಾಡುಕೋಳಿಯೂ ಅವುಗಳ ಹಿಂದೆ ಓಡಿತು.

ಕಾಜಾಣ ಕೊಂಬೆಯ ಮೇಲೆ ಒಂಟಿಯಾಗಿ ಕೂತಿತು. ನಡೆಯದವರನ್ನು ಹಳಬರು ಅಂದೆ. ಹನ್ನೊಂದು ಬೇಸಿಗೆ ನಡೆದವನನ್ನು ಹೊಸಬ ಅಂದೆ. ಹೀಗೆ ಯೋಚಿಸಿ ಅದಕ್ಕೆ ನಾಚಿಕೆಯಾಯಿತು. ಮುಳ್ಳಜ್ಜನ ಬಿಲಕ್ಕೆ ಹಾರಿತು.

ಮುಳ್ಳಜ್ಜ ಬಿಲದ ಬಾಯಲ್ಲಿ ಕೂತಿದ್ದ. ನಾಲ್ಕನೇ ಎಲೆ ಅರ್ಧ ತುಂಬಿತ್ತು. ಉಗುರು ಸವೆದು ರಕ್ತ ಬಂದಿತ್ತು.

"ಅಜ್ಜಾ, ನಾನು ಹಾಡುತ್ತೇನೆ. ನೀನು ಕೇಳು."

"ನನ್ನ ಹತ್ತಿರ ಇನ್ನೂ ಹತ್ತು ಇಲ್ಲ ತಾಯಿ."

"ಸುಮ್ಮನೆ ಕೇಳಜ್ಜಾ."

ಕಾಜಾಣ ಹಳೇ ಹಾಡು ಹಾಡಿತು. ಸೀಳುಬಂಡೆ ಬಲಕೆ ಬಿಟ್ಟು. "ಹೂಂ" ಎಂದ ಮುಳ್ಳಜ್ಜ. ತಾರೆಮರದ ಕೆಳಗೆ ಬಗ್ಗಿ. "ಹೂಂ" ಎಂದು ಕೂತಲ್ಲೇ ಬಗ್ಗಿದ. ಜಾರುಮಣ್ಣಿನ ಇಳಿಜಾರಲಿ ಮೆಲ್ಲನಿಳಿ.

ಮುಳ್ಳಜ್ಜ ಹೂಂ ಅನ್ನಲಿಲ್ಲ.

ಕಾಜಾಣ ಕಾಯಿತು. "ಏನಾಯಿತಜ್ಜಾ?"

"ಇಲ್ಲಿ ಅವಳು ನಿಲ್ಲೋಳು. ಎಡಗಡೆ ಒಂದು ಚಪ್ಪಟೆ ಕಲ್ಲಿದೆ. ನನ್ನನ್ನ ಅದರ ಮೇಲೆ ಕೂರಿಸೋಳು. ಕಾಲು ನೋವು ಇಳಿಯೋ ತನಕ ಅದೂ ಇದೂ ಮಾತಾಡೋಳು." ಅವನು ಸ್ವಲ್ಪ ಹೊತ್ತು ಕೂತ. ಆಮೇಲೆ "ಹೂಂ. ಈಗ ಮುಂದಕ್ಕೆ ಹಾಡು" ಎಂದ.

ಆ ಚಪ್ಪಟೆ ಕಲ್ಲು ಕಾಜಾಣದ ಹಾಡಿನಲ್ಲಿ ಇರಲಿಲ್ಲ. ಆದರೆ ದಾರಿಯಲ್ಲಿ ಇತ್ತು. ಕಾಜಾಣ ಮೇಲಿನಿಂದ ನೋಡಿತ್ತು.

"ನನ್ನದು ತಪ್ಪಾಯಿತು" ಎಂದಿತು ಕಾಜಾಣ. "ನೀನು ನನಗಿಂತ ಹಳಬ. ಇನ್ನು ಮೇಲೆ ಒಂದು ಬಿಲದಲ್ಲಿ ಒಬ್ಬರು ಕಲಿತರೆ, ಅವರ ಜೊತೆ ನಡೆದ ಆ ಬಿಲದವರೆಲ್ಲ ಹಳಬರು. ಒಬ್ಬರು ಹೋದರೂ ಉಳಿದವರು ಹಳಬರೇ."

ಮುಳ್ಳಜ್ಜ ಮೂರೆಲೆ ಮುಂದಿಟ್ಟ. ಕಾಜಾಣ ಬೇಡ ಎಂದಿತು. "ನಿನ್ನ ಮರಿಗಳು ಹಸಿದಿರುತ್ತವೆ, ತಗೋ" ಎಂದ. ಕಾಜಾಣ ತೆಗೆದುಕೊಂಡಿತು. ಬದಲಾದ ತಿರುವುಗಳನ್ನು ಎರಡೆರಡು ಸಲ ಹೇಳಿತು.

ಮಾರನೇ ದಿನ ಮುಳ್ಳಜ್ಜ ಒಬ್ಬನೇ ಹೊರಟ. ಸೀಳುಬಂಡೆ ದಾಟಿದ. ಬಿದ್ದ ತಾರೆಮರ ಸಿಕ್ಕಿತು. ಅದರ ತೊಗಟೆ ಅವನಿಗೆ ಗೊತ್ತು. ಬುಡದಿಂದ ಎಡಕ್ಕೆ ತಿರುಗಿದ.

ಬಲಗಡೆ ಸೀಗೆಮೆಳೆಯಲ್ಲಿ ಯಾರೋ ನರಳಿದರು.

ನರಿ. ದಾರಿಯಲ್ಲಿ ಬಿದ್ದ ಮರಗಳು ಐದಾರು ಇದ್ದವು. ತಾರೆಮರ ಯಾವುದು ಎಂದು ನರಿಗೆ ಗೊತ್ತಿರಲಿಲ್ಲ. ಸಿಕ್ಕ ಮರದ ಬುಡದಿಂದ ಎಡಕ್ಕೆ ತಿರುಗಿತ್ತು. ನೇರ ಸೀಗೆಮೆಳೆಗೆ ಹೊಕ್ಕಿತ್ತು. ಒಂದು ಹಗಲು ಒಂದು ರಾತ್ರಿ ಅಲ್ಲೇ ಸಿಕ್ಕಿಕೊಂಡಿತ್ತು. ಬಾಲದ ಕೂದಲು ಅರ್ಧ ಹೋಗಿತ್ತು. ನಾಲಿಗೆ ಒಣಗಿ ಹೊರಗೆ ಬಿದ್ದಿತ್ತು.

"ನಗಬೇಡ ಅಜ್ಜಾ" ಎಂದಿತು ನರಿ.

"ನಗೋಕೆ ಪುರುಸೊತ್ತಿಲ್ಲ. ಅಲ್ಲಾಡದೆ ಇರು."

ಮುಳ್ಳಜ್ಜ ಸೀಗೆಬಳ್ಳಿಯನ್ನು ಹಲ್ಲಿನಿಂದ ಕತ್ತರಿಸಿದ. ಒಂದೊಂದೇ ಬಳ್ಳಿ. ಬಹಳ ಹೊತ್ತಾಯಿತು. ನರಿ ತೆವಳಿ ಹೊರಗೆ ಬಂತು.

"ಹಾಡು ನನಗೆ ಪೂರ್ತಿ ಬರುತ್ತದೆ" ಎಂದಿತು ಅಳುತ್ತಾ. "ಆದರೂ ದಾರಿ ಸಿಗಲಿಲ್ಲ."

"ನಡೆ" ಎಂದ ಮುಳ್ಳಜ್ಜ.

ನರಿ ಹಿಂದೆ ಹಿಂದೆ ನಡೆಯಿತು. ಎಷ್ಟೋ ದೂರ ಹೋದ ಮೇಲೆ ಮೆಲ್ಲಗೆ ಕೇಳಿತು.

"ಕಾಜಾಣಕ್ಕೆ ಏನು ಹೇಳಲಿ ಅಜ್ಜಾ?"

"ನಡೆದದ್ದನ್ನೇ ಹೇಳು. ಆಮೇಲೆ ಹುತ್ತ ಕೆದಕು. ಏಳೆಲೆ ಬಾಕಿ ಇದೆ. ನಿನ್ನ ನಾಲ್ಕು ಕಾಲೂ ಗಟ್ಟಿಯಾಗೇ ಇವೆಯಲ್ಲ."

ಬಿಸಿಲು ಇಳಿಯುವ ಹೊತ್ತಿಗೆ ಮಡು ಸಿಕ್ಕಿತು. ನೀರು ತುಂಬಿತ್ತು. ತಣ್ಣಗಿತ್ತು. ಮುಳ್ಳಜ್ಜ ದಡಕ್ಕೆ ಇಳಿದು ಬಗ್ಗಿದ. ನರಿ ಓಡಿಬಂದು ಅವನ ಬಲಗಡೆ ಬಾಯಿ ಹಾಕಲು ಹೋಯಿತು.

"ಅಲ್ಲಿ ಬೇಡ" ಎಂದ ಮುಳ್ಳಜ್ಜ. ಗದರಲಿಲ್ಲ. "ಈ ಕಡೆ ಬಾ. ಈ ಕಡೆ ಕುಡಿ."

ನರಿ ಸುತ್ತಿ ಬಂದು ಎಡಗಡೆ ನಿಂತು ಕುಡಿಯಿತು. ಮುಳ್ಳಜ್ಜನೂ ಕುಡಿದ. ಅವನ ಬಲಗಡೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು. ಅಲ್ಲಿ ನೀರು ಅಲ್ಲಾಡಲಿಲ್ಲ.

ನೀತಿ: ಸುಳ್ಳು ಹೇಳಿ ಅಗ್ಗಕ್ಕೆ ಪಡೆದದ್ದು ಬೇಕಾದ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ. ರಿಯಾಯಿತಿ ಕೊಡುವವರೂ ಬಾಯಿಪಾಠ ಕೇಳಿ ಕೊಡಬಾರದು. ಬಂದವರು ಎಷ್ಟು ದೂರ ನಡೆದು ಬಂದಿದ್ದಾರೆ ಎಂದು ಕೇಳಿ ಕೊಡಬೇಕು.