ಬೇಡಿಗೂ ಬೀಗಕ್ಕೂ ಬಿದ್ದ ಜಗಳ

ಒಬ್ಬ ಆಳನ್ನು ಮಾರಿದರೆ ಎರಡು ಮೂಟೆ ಸಕ್ಕರೆ, ಹಡಗು ಬಿಡುವುದರೊಳಗೆ ಆಳು ಹತ್ತಿರಬೇಕು. ಬಂದರಿನಲ್ಲಿ ವ್ಯಾಪಾರ ಹೀಗೆ ಕುದುರಿತ್ತು. ಆಳೆಂದರೆ ಮೂಟೆ ಹೊರುವ ಸುಕ್ರು. ಅವನ ಬಲಗಾಲಿಗೆ ಹಾಕಲು ತಂದ ಬೇಡಿ ಆಳನ್ನು ಕೊಂಡ ಕೆಂಪು ಬಾವುಟದ ಹಡಗಿನವರದು. ಬೀಗ ಮಾತ್ರ ಅವರ ವೈರಿಗಳಾದ ನೀಲಿ ಬಾವುಟದವರದು, ಹೋದ ಸಲದ ಕಾಳಗದಲ್ಲಿ ಕಸಿದು ತಂದದ್ದು. ಕಾವಲುಗಾರ ಬೇಡಿಯನ್ನು ಕಾಲಿಗೆ ಸುತ್ತಿ, ಬೀಗವನ್ನು ಅದರ ಮೇಲಿಟ್ಟು, "ಕೂಡಿಕೊಳ್ಳಿ" ಎಂದು ಹೇಳಿ ಊಟಕ್ಕೆ ಹೋದ.

"ಬಾರೋ, ಬಂದು ಕೊಂಡಿ ಹಾಕು," ಎಂದಿತು ಬೇಡಿ.

"ಸ್ವಲ್ಪ ಬೇಡಿಕೋ, ನೋಡೋಣ," ಎಂದಿತು ಬೀಗ.

"ಬೇಡಿ ಎಂದಾದರೂ ಬೇಡುವುದುಂಟೇ? ನೀನೇ ಬಾಗಿ ಬಾ!"

"ಬೀಗಕ್ಕೆ ಬೀಗುವುದು ಗೊತ್ತೇ ಹೊರತು ಬಾಗುವುದಲ್ಲ!"

ಬಲಗಾಲಿಗೆ ಹೋದ ಜೀವ ಬಂದಂತಾಯಿತು. ಅದು ಬೆರಳು ಮುದುರಿಕೊಂಡು ವಿನಯದಿಂದ ಕೇಳಿತು: "ಒಡೆಯರೇ, ನಾನು ಬಡ ಕಾಲು. ಯಾರ ಗುಲಾಮನೆಂದು ಹೇಳಿಕೊಳ್ಳಲಿ? ಅದೊಂದು ತೀರ್ಮಾನವಾಗಲಿ."

"ನನ್ನ ಗುಲಾಮ!" ಎಂದು ಎರಡೂ ಒಟ್ಟಿಗೇ ಕೂಗಿದವು.

"ನಮ್ಮ ದೊರೆ ಏಳು ಸಮುದ್ರಕ್ಕೆ ಒಡೆಯ," ಎಂದಿತು ಬೇಡಿ.

"ಅವನ ಮೀಸೆ ಕತ್ತರಿಸುವ ಕತ್ತರಿಯೂ ನಮ್ಮೂರದೇ!" ಎಂದಿತು ಬೀಗ.

ಬೇಡಿಗೆ ಸಿಟ್ಟು ನೆತ್ತಿಗೇರಿತು. "ತುಕ್ಕುಮೂತಿಯವನೇ, ನಿನ್ನ ಜೊತೆ ಕೂಡುವುದಕ್ಕಿಂತ ಹೀಗೇ ಬಾಯಿ ತೆರೆದುಕೊಂಡು ಬಿದ್ದಿರುತ್ತೇನೆ!" ಎಂದು ಅಗಲವಾಗಿ ಬಾಯಿ ತೆರೆಯಿತು.

ಬಲಗಾಲು ಮೆಲ್ಲಗೆ ಹೊರಬಂದು, ಎಡಗಾಲನ್ನೂ ಕರೆದುಕೊಂಡು ಓಟ ಕಿತ್ತಿತು.

ಸಂಜೆಯ ಹೊತ್ತಿಗೆ ಗಳಿಕೆ ಇಷ್ಟು: ಬೇಡಿಗೆ ಅದರ ಗತ್ತು, ಬೀಗಕ್ಕೆ ಅದರ ಬಿಗುಮಾನ, ಬಲಗಾಲಿಗೆ ಮೂರು ಹರದಾರಿ ದಾರಿ ಮತ್ತು ಸ್ವಂತಕ್ಕೊಂದು ಮುಳ್ಳು.