ಧರ್ಮದ ಕಂಡಿ

ಶಿಷ್ಯನೊಬ್ಬ ಗುರುಗಳ ಬಳಿಗೆ ಬಂದು ಕೇಳಿದ:

“ಗುರುಗಳೇ, ನಮ್ಮೂರಿನಲ್ಲಿ ಜಿಂಕೆ ಬೇಟೆಯ ಕಾಲ ಬಂದಿದೆ. ಮನೆಗೊಬ್ಬರು ಬರಲೇಬೇಕೆಂದು ಹೇಳಿ ಕಳುಹಿಸಿದ್ದಾರೆ. ಹೋಗಲು ಮನಸ್ಸು ಒಪ್ಪುತ್ತಿಲ್ಲ. ಹೋಗದಿದ್ದರೆ ಊರಿನವರ ಮುಖ ನೋಡುವುದು ಹೇಗೆಂದು ತಿಳಿಯುತ್ತಿಲ್ಲ. ಹೋಗಿ, ಆಯುಧ ಮುಟ್ಟದೆ ಒಂದು ಪಕ್ಕದಲ್ಲಿ ನಿಂತುಬಿಟ್ಟರೆ ಆಗದೇ?”

ಗುರುಗಳು ನಕ್ಕರು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

“ಪಕ್ಕದಲ್ಲಿ ನಿಂತವನೊಬ್ಬನ ಕತೆಯಿದೆ. ಕೂತುಕೋ, ಹೇಳುತ್ತೇನೆ” ಎಂದರು.

ಕಾಡಿನ ಅಂಚಿನಲ್ಲಿ ಒಂದು ಊರು. ಅಲ್ಲಿಯ ಜನಕ್ಕೆ ಜಿಂಕೆಗಳ ಮೇಲೆ ಸಿಟ್ಟೂ ಇತ್ತು, ಮರುಕವೂ ಇತ್ತು. ಬೆಳೆ ಹೊಲದಲ್ಲಿ ನಿಂತಿರುವಷ್ಟು ದಿನ ಸಿಟ್ಟು. ಅಟ್ಟಣೆಯ ಮೇಲೆ ಕೂತು ಚಪ್ಪಾಳೆ ತಟ್ಟಿ, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಳ್ಳುತ್ತಿದ್ದರು. ಈ ಜಿಂಕೆಗಳ ವಂಶವೇ ಹಾಳಾಗಲಿ ಎಂದು ಬೈಯುತ್ತಿದ್ದರು. ಅದೇ ಜನ, ತಾಯಿ ತಪ್ಪಿದ ಮರಿಯೊಂದು ಹಿತ್ತಲಿಗೆ ಬಂದರೆ ಮೇಕೆಯ ಹಾಲು ಕುಡಿಸಿ ಕಾಡಿಗೆ ಬಿಟ್ಟು ಬರುತ್ತಿದ್ದರು. ಬೇಟೆಯ ದಿನ ಸತ್ತ ಜಿಂಕೆಯನ್ನು ಹೊತ್ತು ತಂದಾಗ ಹೆಂಗಸರು ಮೊದಲು ಅದರ ಕಣ್ಣಿನ ಮೇಲೆ ಒಂದು ಎಲೆ ಮುಚ್ಚುತ್ತಿದ್ದರು. ಆಮೇಲೆ ಮಸಾಲೆ ಅರೆಯಲು ಕೂರುತ್ತಿದ್ದರು. ಹೀಯಾಳಿಸಲು ಹೇಳುತ್ತಿಲ್ಲ, ನಾವೆಲ್ಲ ಹಾಗೇ ಇದ್ದೇವೆ.

ಸುಗ್ಗಿ ಮುಗಿದ ಮೇಲೆ ಬೇಟೆ. ಗಂಡಸರು ಉದ್ದಕ್ಕೂ ಸಾಲಾಗಿ, ತಮಟೆ ಬಡಿಯುತ್ತಾ ಕಾಡನ್ನು ಸೋವುತ್ತಾ, ಅಡಗಿದ ಪ್ರಾಣಿಗಳನ್ನು ಎಬ್ಬಿಸುತ್ತಾ ಬರುತ್ತಿದ್ದರು. ಗದ್ದಲಕ್ಕೆ ಹೆದರಿದ ಜಿಂಕೆಗಳು ಮುಂದೆ ಮುಂದೆ ಓಡುತ್ತಿದ್ದವು. ಅಲ್ಲಿ ಬಲೆ ಕಟ್ಟಿರುತ್ತಿತ್ತು. ಬಲೆಯ ಹಿಂದೆ ಈಟಿ ಹಿಡಿದವರು ಕಾದಿರುತ್ತಿದ್ದರು.

ಆದರೆ ಹಿರಿಯರು ಒಂದು ಕಟ್ಟಳೆ ಮಾಡಿಟ್ಟಿದ್ದರು. ಬಲೆಯ ಸಾಲಿನಲ್ಲಿ ಒಂದು ಕಡೆ ಜಾಗ ಬಿಡಬೇಕು. ಅದಕ್ಕೆ ಧರ್ಮದ ಕಂಡಿ ಎಂದು ಹೆಸರು. ಆ ಕಂಡಿಯಿಂದ ದಾಟಿದ ಜಿಂಕೆಯನ್ನು ಯಾರೂ ಅಟ್ಟಿಸಿಕೊಂಡು ಹೋಗಬಾರದು. ಈಟಿಯವರು ಆಸೆಗೆ ಬಿದ್ದು ಅತ್ತ ನುಗ್ಗದಂತೆ ಕಂಡಿಯಲ್ಲಿ ಒಬ್ಬ ಬರಿಗೈಯಲ್ಲಿ ನಿಂತಿರಬೇಕು. ಅವನು ಸದ್ದು ಮಾಡಬಾರದು, ಅಲುಗಾಡಬಾರದು.

ಈ ಕಂಡಿಯಿಂದ ಜಿಂಕೆಗಳಿಗೆ ಎಷ್ಟು ಉಪಕಾರವಾಯಿತೋ ಕಾಣೆ, ಊರಿನವರಿಗಂತೂ ಬಹಳ ಆಯಿತು. “ಬದುಕೋದು ಬದುಕ್ಲಿ ಅಂತ ದಾರಿ ಬಿಟ್ಟಿದ್ದೀವಲ್ಲ” ಎನ್ನುತ್ತಾ ಮಾಂಸವನ್ನು ಇನ್ನೊಂದು ಸಲ ಬಡಿಸಿಕೊಳ್ಳುತ್ತಿದ್ದರು.

ಕಂಡಿಯಲ್ಲಿ ನಿಲ್ಲುವ ಕೆಲಸ ಒಬ್ಬ ರೈತನದು. ಅವನ ತಂದೆಯೂ ಅಲ್ಲೇ ನಿಂತವನು. ರೈತ ಮೃದು ಮನಸ್ಸಿನವನು. ಬೇಟೆಗೆ ಹೋಗಿಯೂ ಕೊಲ್ಲದೆ ಬರುವ ಭಾಗ್ಯ ತನ್ನೊಬ್ಬನದೆಂದು ಒಳಗೊಳಗೇ ಹಿಗ್ಗುತ್ತಿದ್ದ. ಕಿವಿ ಹರಿದ ಹೆಣ್ಣು ಜಿಂಕೆಯೊಂದು ಪ್ರತಿ ವರ್ಷ ಅವನ ಪಕ್ಕದಲ್ಲೇ ದಾಟಿ ಹೋಗುತ್ತಿತ್ತು. ಮೊದಲ ಸಲ ಬೆದರಿ ಹಾರಿತ್ತು. ಬರಬರುತ್ತಾ ಹೆದರಿಕೆ ಹೋಯಿತು. ಅವನ ಪಂಚೆಗೆ ಮೈ ತಾಗಿಸಿಕೊಂಡು ಹೋಗುವಷ್ಟು ಸಲಿಗೆ ಬಂತು. ಅದನ್ನು ನೋಡಿ ಉಳಿದವೂ ಕಲಿತವು. ಹಿಂದೆಲ್ಲ ತಮಟೆ ಕೇಳಿದೊಡನೆ ದಿಕ್ಕಾಪಾಲಾಗುತ್ತಿದ್ದ ಹಿಂಡು ಈಗ ಕಿವಿ ಹರಿದ ಜಿಂಕೆಯ ಹಿಂದೆ ನೇರವಾಗಿ ಕಂಡಿಗೇ ಬರತೊಡಗಿತು.

ಬೇಟೆ ಸಣ್ಣದಾಯಿತು, ಹಿಂಡು ದೊಡ್ಡದಾಯಿತು. ಊರಿನ ಹೊಲಗಳಿಗೆ ಕಾಟ ಹೆಚ್ಚಿತು. ಜನ ರೈತನನ್ನು ಕಂಡು ಗೊಣಗಲು ಶುರುಮಾಡಿದರು. ಅವನು ಕೇಳಿಸಿಕೊಳ್ಳದವನಂತೆ ಇದ್ದ. ಒಂದು ವರ್ಷ ಅವನದೇ ಅವರೆ ಹೊಲ ಹೂವಿನಲ್ಲಿತ್ತು. ಬೆಳಗ್ಗೆ ಹೋಗಿ ನೋಡಿದರೆ ಬರೀ ಕಡ್ಡಿಗಳು ನಿಂತಿದ್ದವು. ನಡುವೆ ಹಿಂಡು ಇನ್ನೂ ಮೇಯುತ್ತಿತ್ತು. ಮುಂದೆ ಕಿವಿ ಹರಿದ ಜಿಂಕೆ. ಅವನು ಚಪ್ಪಾಳೆ ತಟ್ಟಿ ಕೂಗುತ್ತಾ ಓಡಿದ. ಅವು ಬೇಲಿ ಹಾರಿ ಹೋದವು.

ಹೆಂಡತಿ ಹೊಲ ನೋಡಿ ತಲೆಯ ಮೇಲೆ ಕೈಹೊತ್ತು ಕೂತಳು.

“ಧರ್ಮ ಅಂತ ನೀನು ಬಿಟ್ಟಿದ್ದು ನಮ್ಮ ಹೊಲಕ್ಕೇ ಬಂದು ಉಂಡ್ಕಂಡು ಹೋಯ್ತಲ್ಲ. ಮಕ್ಳಿಗೆ ಏನು ಬೇಯ್ಸಿ ಹಾಕ್ಲಿ, ನಿನ್ನ ಧರ್ಮನಾ?” ಎಂದಳು.

ರೈತ ಅಲ್ಲಿಂದ ನೇರವಾಗಿ ಊರ ಗೌಡನ ಮನೆಗೆ ಹೋದ.

“ಈ ಸಲ ಕಂಡಿ ಮುಚ್ಚಿಬಿಡಾನ ಗೌಡ್ರೇ” ಎಂದ.

ಗೌಡ ಒಪ್ಪಲಿಲ್ಲ. “ಮುಚ್ಚಿದ್ರೆ ಯಾರ ಗಂಟಲಲ್ಲೂ ತುತ್ತು ಇಳಿಯಾಕಿಲ್ಲ ಕಣಪ್ಪ. ಅದರ ಪಾಡಿಗೆ ಅದು ಇರ್ಲಿ. ನೀನು ಹೋಗಿ ನಿಂತ್ಕೋ” ಎಂದ.

ಬೇಟೆಯ ದಿನ ಬಂತು. ರೈತ ಕಂಡಿಯಲ್ಲಿ ನಿಂತ. ದೂರದಲ್ಲಿ ತಮಟೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಹಿಂಡು ಕಾಣಿಸಿತು. ಕಿವಿ ಹರಿದ ಜಿಂಕೆ ಮುಂದೆ, ಅದರ ಹಿಂದೆ ಬಸುರಿ ಜಿಂಕೆಗಳು, ಮರಿಗಳು, ಎಲ್ಲವೂ. ಹೊಟ್ಟೆ ತುಂಬ ಮೇದು ಮೈ ಮಿನುಗುತ್ತಿತ್ತು. ಅದನ್ನು ನೋಡಿದಾಗ ಅವನಿಗೆ ತನ್ನ ಹೊಲ ನೆನಪಾಯಿತು. ಕೊಲ್ಲಬೇಕೆಂದು ಅವನು ಎಣಿಸಿರಲಿಲ್ಲ. ಒಂದಿಷ್ಟು ಬೆದರಿಸೋಣ, ಮುಂದಿನ ವರ್ಷ ಹೊಲದ ಕಡೆ ತಲೆ ಹಾಕದಿರಲಿ ಎಂದಷ್ಟೇ ಅನಿಸಿತು. ಅಷ್ಟೂ ಅನಿಸಿತೋ ಇಲ್ಲವೋ, ಅಟ್ಟಣೆಯ ಮೇಲೆ ಕೂತು ಅಭ್ಯಾಸವಾದ ಕೈಗಳು ತಾವೇ ಮೇಲೆದ್ದವು. ಅವನು ಚಪ್ಪಾಳೆ ತಟ್ಟಿದ.

ಒಂದೇ ಒಂದು ಚಪ್ಪಾಳೆ. ಕಿವಿ ಹರಿದ ಜಿಂಕೆ ಗಕ್ಕನೆ ನಿಂತಿತು. ಹಿಂದಿನವು ಬಂದು ಒಂದರ ಮೇಲೊಂದು ಬಿದ್ದವು. ಹಿಂಡು ಹೊರಳಿತು. ಹಿಂದೆ ತಮಟೆ, ಎರಡೂ ಪಕ್ಕ ಬಲೆ. ಮೊದಲಿನಂತೆ ಚದುರಿ ಓಡಿದ್ದರೆ ಅರ್ಧವಾದರೂ ಉಳಿಯುತ್ತಿದ್ದವು. ಅವನನ್ನು ನಂಬಿ ಎಲ್ಲವೂ ಒಟ್ಟಿಗೆ ಬಂದಿದ್ದವು, ಒಟ್ಟಿಗೇ ಬಲೆಗೆ ಬಿದ್ದವು.

ಆ ಗದ್ದಲದಲ್ಲಿ ಚಪ್ಪಾಳೆ ಯಾರಿಗೂ ಕೇಳಿಸಿರಲಿಲ್ಲ. ಇಂಥ ಬೇಟೆಯನ್ನು ಊರು ಕಂಡಿರಲಿಲ್ಲ. ಹೆಂಗಸರಿಗೆ ಕಣ್ಣು ಮುಚ್ಚಲು ಎಲೆ ಸಾಲದೆ ಹೋಯಿತು. ರೈತ ಸತ್ತ ಜಿಂಕೆಗಳ ನಡುವೆ ಹರಿದ ಕಿವಿಯನ್ನು ಹುಡುಕಿದ. ಸಿಗಲಿಲ್ಲ. ಹೇಗೋ ತಪ್ಪಿಸಿಕೊಂಡಿತ್ತು. ಅವನಿಗೆ ಸಮಾಧಾನವಾಯಿತು. ಸುತ್ತ ಬಿದ್ದಿದ್ದ ಮರಿಗಳನ್ನು ನೋಡಿ ಆ ಸಮಾಧಾನಕ್ಕೇ ನಾಚಿಕೆಯಾಯಿತು.

ಕಂಡಿ ಕಾಯುವವನೆಂದು ಗೌಡ ಅವನಿಗೇ ಮೊದಲ ಪಾಲು ಕೊಡಿಸಿದ. ಮನೆಯಲ್ಲಿ ಮಕ್ಕಳು ಹೊಟ್ಟೆ ತುಂಬ ಉಂಡರು. ಅವನೂ ಉಂಡ. ಹಸಿವಾಗಿತ್ತು, ಉಂಡ. ಆಮೇಲೆ ಹಿತ್ತಲಿಗೆ ಹೋಗಿ ಅತ್ತ. ಹೆಂಡತಿಗೆ ನಡೆದದ್ದನ್ನು ಹೇಳಿದ. ಅವಳು ಬೈಯಲಿಲ್ಲ. ಅವನ ಪಕ್ಕದಲ್ಲಿ ಕೂತು ತಾನೂ ಅತ್ತಳು. ಹೊಲ ಕಂಡ ದಿನ ಆಡಿದ ಮಾತು ಅವಳ ಎದೆಯಲ್ಲೂ ಚುಚ್ಚುತ್ತಿತ್ತು.

ಆ ವರ್ಷವಿಡೀ ರೈತ ಕೊರಗಿದ. ಅಟ್ಟಣೆ ಹತ್ತಲಿಲ್ಲ, ಹೊಲ ಕಾಯಲಿಲ್ಲ. ಉಳಿದ ಜಿಂಕೆಗಳು ಬಂದು ಮೇಯಲಿ ಎಂದು ಬೇಲಿಯನ್ನೂ ಬಿಚ್ಚಿಟ್ಟ. ಅವು ನೆಕ್ಕಲೆಂದು ಕಾಡಿನ ಅಂಚಿನ ಬಂಡೆಯ ಮೇಲೆ ಉಪ್ಪು ಇಟ್ಟು ಬರುತ್ತಿದ್ದ. ಒಂದೂ ಬರಲಿಲ್ಲ, ಉಪ್ಪು ಮಂಜಿಗೆ ಕರಗಿ ಹೋಗುತ್ತಿತ್ತು. ಅವರೆ ಸೊಂಪಾಗಿ ಬೆಳೆಯಿತು. ನೋಡಿದವರೆಲ್ಲ ಅದೃಷ್ಟವಂತ ಎಂದರು. ಅವನಿಗೆ ಆ ಹೊಲಕ್ಕೆ ಕಾಲಿಡಲು ಮನಸ್ಸಾಗುತ್ತಿರಲಿಲ್ಲ.

ಮತ್ತೆ ಬೇಟೆಯ ಕಾಲ ಬಂತು. ಈ ಸಲ ರೈತ ಟವೆಲಿನಿಂದ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿಕೊಂಡು ಕಂಡಿಯಲ್ಲಿ ನಿಂತ. ಕಟ್ಟಿದವಳು ಹೆಂಡತಿ. ನೋಡಿದವರು ನಕ್ಕರು. ಅವನು ತಲೆ ಎತ್ತಲಿಲ್ಲ. ಒಂದೇ ಒಂದು ಜಿಂಕೆ ತನ್ನ ಪಕ್ಕದಲ್ಲಿ ದಾಟಿ ಹೋದರೂ ಸಾಕು, ಮತ್ತೇನೂ ಬೇಡ ಎಂದುಕೊಂಡಿದ್ದ.

ತಮಟೆ ಹತ್ತಿರವಾಯಿತು. ಮರಗಳ ನಡುವಿನಿಂದ ಕಿವಿ ಹರಿದ ಜಿಂಕೆ ಬಂತು. ಜೊತೆಗೆ ಒಂದು ಎಳೆಯ ಮರಿ. ರೈತ ಉಸಿರು ಬಿಗಿಹಿಡಿದ. ಮರಿ ತೆರೆದ ಜಾಗ ಕಂಡು ಕಂಡಿಯ ಕಡೆಗೆ ಓಡಿಬಂತು. ತಾಯಿ ರೈತನನ್ನು ನೋಡಿತು. ಓಡಿ ಬಂದು ಮರಿಗೆ ಅಡ್ಡ ನಿಂತಿತು. ತಲೆಯಿಂದ ನೂಕಿ ಅದನ್ನು ತಿರುಗಿಸಿತು.

ಎರಡೂ ಬಲೆಯ ಕಡೆಗೆ ಓಡಿದವು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಇದೆಂಥ ಅನ್ಯಾಯ ಗುರುಗಳೇ! ಅವನು ವರ್ಷವೆಲ್ಲ ಅತ್ತಿದ್ದನಲ್ಲ. ಕೈಯನ್ನೂ ಕಟ್ಟಿಸಿಕೊಂಡಿದ್ದನಲ್ಲ” ಎಂದ.

ಗುರುಗಳು ಹೇಳಿದರು: “ಅದನ್ನು ಜಿಂಕೆಗೆ ಯಾರು ಹೇಳಬೇಕಿತ್ತಪ್ಪ?”