ಬುಟ್ಟಿದಿಣ್ಣೆ

ಮೂರನೆಯ ಸಲವೂ ಉಪ್ಪುನೀರಿನ ಅದೇ ಕಾಂಡ್ಲಾ ಗಿಡಗಳ ಬುಡಕ್ಕೆ ಬಂದು ನಿಂತಾಗ ತಬಿಥಮ್ಮ, ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಬುಟ್ಟಿ ಹೊತ್ತು ಬರುತ್ತಿದ್ದ ಬೀರಮ್ಮನನ್ನು ಆಚೆ ದಡಕ್ಕೆ ದಾರಿ ಯಾವುದೆಂದು ಕೇಳಿದಳು. ಕೇಳಿದ್ದು ಅಪ್ಪಣೆ ಕೊಟ್ಟ ಹಾಗಿತ್ತು ಎನ್ನುತ್ತಾರೆ. ಇಂದು ಇಳಿತದ ಹೊತ್ತಿಗೆ ಅಳಿವೆಯ ನಡುವೆ ಮೂರು ತಾಸು ಬೆನ್ನು ತೋರುವ ಬುಟ್ಟಿದಿಣ್ಣೆಗೆ ಆಗಿನ್ನೂ ಹೆಸರಿರಲಿಲ್ಲ. ಮಿಶನ್ನಿನ ಹೆಂಗಸರು ಛತ್ರಿ ಹಿಡಿದು ಊರೂರು ಅಲೆದು ಕ್ರೈಸ್ತರ ವೇದದ ಕಥೆ ಹೇಳುತ್ತಿದ್ದ ಕಾಲ ಅದು. ಅವರಲ್ಲೊಬ್ಬಳಾದ ತಬಿಥಮ್ಮ ಮಂಗಳೂರು, ಧಾರವಾಡ, ಪುಣೆ ಎಲ್ಲ ಸುತ್ತಿದವಳು. ಒಂದೂರಲ್ಲಿ ಎರಡು ಭಾನುವಾರ ಕಳೆದರೆ ಅಂಗಾಲು ತುರಿಸುತ್ತಿತ್ತು. ಏನು ಬೇಕೆಂದು ದೇವರು ಕೇಳಿದಾಗ ಸಿರಿ ಬೇಡದೆ ಕಲಿಯುವ ಮನಸ್ಸು ಬೇಡಿದ ಅರಸನ ಕಥೆಯನ್ನು ಆಕೆ ಹೇಳಿದರೆ ಕಲ್ಲೂ ಕರಗಬೇಕು. ಸುತ್ತಲೂ ನೀರಿದ್ದ ಈ ಕುರ್ವೆಯ ಜನ ಮಾತ್ರ ಕರಗಲಿಲ್ಲ. ಹಿಂದಿನ ಸಂಜೆ ಆ ಕಥೆಯ ಬಾಲಕ್ಕೆ, ಕೆಸರಲ್ಲಿ ಬಗ್ಗಿ ಬದುಕುವವರಿಗೆ ತಲೆಯೆತ್ತಲು ತಿಳಿಯದು ಎಂದು ಸೇರಿಸಿದ್ದಳಲ್ಲ. ಬೆಳಗಾದರೆ ಒಬ್ಬ ಅಂಬಿಗನೂ ದೋಣಿ ಬಿಚ್ಚಲಿಲ್ಲ. ಆಕೆ ನಡೆದೇ ಹೊರಟಿದ್ದಳು.

ಗೆರೆಗೆರೆಯಾದ ಮರಳಿನ ಮೇಲೆ ನಡೆಯಿರಿ, ನುಣುಪಾಗಿ ಹೊಳೆಯುವ ಕಡೆ ಕಾಲಿಡಬೇಡಿ ಎಂದು ಬೀರಮ್ಮ ಮುಖ ಕೊಡದೆ ಹೇಳಿದಳು. ಸಿಟ್ಟಿಗೆ ಬಳಸುದಾರಿ ತೋರಿಸುತ್ತಿದ್ದಾಳೆಂದು ಬಗೆದು ತಬಿಥಮ್ಮ ಹೊಳೆಯುವ ಕಡೆಗೇ ನಡೆದಳು. ಇಪ್ಪತ್ತು ಹೆಜ್ಜೆಗೆ ಸೊಂಟದವರೆಗೆ ಹೂತಳು. ಉಬ್ಬರ ಶುರುವಾಗಿತ್ತು. ಬೀರಮ್ಮ ಬೈಯುತ್ತಲೇ ಬಂದು, ತುಂಬಿದ ಬುಟ್ಟಿಯನ್ನು ಅವಳ ಮುಂದೆ ಕೆಸರಿಗೆ ಒತ್ತಿ, ಅದರ ಮೇಲೆ ಎದೆಯೂರಿ ಮಲಗಲು ಹೇಳಿದಳು. ತಬಿಥಮ್ಮ ಅಲ್ಲೂ ತರ್ಕ ಹೂಡಿದಳು.

“ನಿಮ್ಮ ಅರಸ ಬೇಡ್ಕೊಂಡದ್ದು ನಿಮ್ಗೆ ಬೇಡ್ವಾ ಅಮ್ಮಾ?” ಎಂದಳು ಬೀರಮ್ಮ. “ಮಲಗಿ. ಇಲ್ಲಾ, ನಾ ಹೊರಟೆ.”

ತಬಿಥಮ್ಮ ಮಲಗಿದಳು. ಆಕೆ ಮೇಲೆ ಬಂದಳು, ಬುಟ್ಟಿ ಕೆಸರೊಳಗೆ ಹೋಯಿತು. ಒಂದು ಬುಟ್ಟಿ ಬಳಚನ್ನು ತನ್ನ ಕೈಯಾರೆ ಹೆಕ್ಕಿ ಕೊಡುವ ತನಕ ಆಕೆಗೆ ದೋಣಿಯೂ ಇಲ್ಲ, ದಾರಿಯೂ ಇಲ್ಲ ಎಂದು ಕುರ್ವೆ ತೀರ್ಮಾನಿಸಿತು. ಮೊದಲ ದಿನ ಹೆಕ್ಕಿದ್ದೆಲ್ಲ ಸತ್ತ ಚಿಪ್ಪು, ಒಳಗೆ ಬರೀ ಕೆಸರು. ಬೀರಮ್ಮ ಅದನ್ನು ದಿಣ್ಣೆಯ ಮೇಲೆ ಸುರಿದಳು. ಹೆಂಗಸರು ನಗು ಮುಚ್ಚಿಕೊಳ್ಳಲೂ ಇಲ್ಲ. ಎರಡನೆಯ ದಿನವೂ ಹಾಗೆಯೇ ಆಯಿತು. ಆಮೇಲೆ ತಬಿಥಮ್ಮ ಸೆರಗು ಬಿಗಿದು, ಜೀವವಿರುವುದು ಯಾವುದೆಂದು ತಿಳಿಯುವುದು ಹೇಗೆ, ಹೇಳಿಕೊಡು ಎಂದಳು.

“ಕಾಲ್ಬೆರಳಲ್ಲಿ ತಡಕಿ,” ಎಂದಳು ಬೀರಮ್ಮ. “ಬದುಕಿದ್ದು ಮುಟ್ಟಿದ್ರೆ ಬಾಯಿ ಮುಚ್ತದೆ. ಸತ್ತದ್ದೇ ತೆರ್ಕೊಂಡಿರ್ತದೆ.”

ತಬಿಥಮ್ಮ ಕೆಸರಿಗಿಳಿದಳು. ಪುಣೆಯವರೆಗೆ ನಡೆದ ಪಾದ ಅಂದು ಮೊದಲ ಬಾರಿಗೆ ನೆಲವನ್ನು ತಡಕಿ ನೋಡಿತು.

ದಿಣ್ಣೆಯ ತೆಂಕಣ ಅಂಚಿನಲ್ಲಿ ಬೆಳ್ಳಗಿನ ಚಿಪ್ಪಿನ ಪಟ್ಟೆಯನ್ನು ಈಗಲೂ ನೋಡಬಹುದು; ಆಕೆ ಹೆಕ್ಕಿ ತಂದ ಸತ್ತವು ಅವು ಎಂದು ಅಂಬಿಗರು ಹುಟ್ಟು ಚಾಚಿ ತೋರಿಸುತ್ತಾರೆ. ಐದನೆಯ ದಿನದ ಇಳಿತಕ್ಕೆ ತಬಿಥಮ್ಮ ಅಲ್ಲೇ ತುಂಬಿದ ಬುಟ್ಟಿಯನ್ನು ಬೀರಮ್ಮನ ಮುಂದಿಟ್ಟಳು. ಬೀರಮ್ಮ ನಾಲ್ಕೈದನ್ನು ಬೆರಳಲ್ಲಿ ತಟ್ಟಿ ನೋಡಿ, ಬಾಯಿ ಮುಚ್ಚದ ಒಂದನ್ನು ಎತ್ತಿ ಎಸೆದು, ಉಳಿದದ್ದನ್ನು ತಲೆಗೇರಿಸಿಕೊಂಡಳು.